ಪುರಿಯಲ್ಲಿ ಅರ್ಧ ದಿನ ಮಿಕ್ಕರೆ: ಭಾರ್ಗವಿ ದಂಡೆಯ ಚಿತ್ರಕಾರರ ಊರು ರಘುರಾಜಪುರ

ಪ್ರಶ್ನೆ: ನವೆಂಬರಿನಲ್ಲಿ ಪುರಿಗೆ ಹೊರಟಿದ್ದೇವೆ. ಜಗನ್ನಾಥನ ದರ್ಶನ, ಕೋಣಾರ್ಕ ಮುಗಿದ ಮೇಲೆ ಅರ್ಧ ದಿನ ಮಿಗುತ್ತದೆ. ಹೋಟೆಲಿನವರು ಗೈಡ್ ಸಮೇತ ರಘುರಾಜಪುರ ತೋರಿಸುತ್ತೇವೆ ಎನ್ನುತ್ತಿದ್ದಾರೆ. ಜೊತೆಗೆ ಮಂಡಿನೋವಿನ ಅಮ್ಮ, ಸದಾ ಚಿತ್ರ ಬಿಡಿಸುತ್ತಿರುವ 12 ವರ್ಷದ ಮಗಳು ಇರುತ್ತಾರೆ. ಗೈಡ್ ಬೇಕೇ? ಅಲ್ಲಿ ನಿಜಕ್ಕೂ ನೋಡುವಂಥದ್ದು ಏನಿದೆ? ಬಟ್ಟೆಯ ಮೇಲೆ ಬರೆಯುವ ಅಲ್ಲಿಯ ಪಟ್ಟಚಿತ್ರದಲ್ಲಿ ಅಸಲಿಯನ್ನು ಗುರುತಿಸುವುದು, ಅದನ್ನು ಹಾಳಾಗದಂತೆ ಮೈಸೂರಿಗೆ ತರುವುದು ಹೇಗೆ?

ಉತ್ತರ: ಖಂಡಿತ ಹೋಗಿ. ಆದರೆ ಹೋಟೆಲಿನವರಿಗೆ ಹಣ ಕೊಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಊರೊಳಗೆ ಎಷ್ಟು ಹೊತ್ತು ಇರುತ್ತೇವೆ? ಉತ್ತರ ಮುಕ್ಕಾಲು ಗಂಟೆ ಅಂತ ಬಂದರೆ ಆ ಟೂರ್ ಬೇಡ. ಮುಕ್ಕಾಲು ಗಂಟೆಯಲ್ಲಿ ಆಗುವುದು ಇಷ್ಟೇ: ಗೈಡು ನಿಮ್ಮನ್ನು ತನಗೆ ಗೊತ್ತಿರುವ ಒಂದು ಮನೆಗೆ ಕರೆದೊಯ್ಯುತ್ತಾನೆ, ಅಲ್ಲಿ ಐದು ನಿಮಿಷ ಪ್ರಾತ್ಯಕ್ಷಿಕೆ, ಆಮೇಲೆ ನೆಲದ ಮೇಲೆ ನಲವತ್ತು ಚಿತ್ರ ಹರಡುತ್ತಾರೆ, ಕೊಳ್ಳದೆ ಏಳುವುದಕ್ಕೆ ಮುಜುಗರವಾಗುತ್ತದೆ. ಊರಿನಲ್ಲೇ ಎರಡೂವರೆಯಿಂದ ಮೂರು ಗಂಟೆ ಸಿಗುವ ಹಾಗಿದ್ದರೆ ಮಾತ್ರ ಹೊರಡಿ. ಅದೇ ದಿನ ಕೋಣಾರ್ಕವನ್ನೂ ಸೇರಿಸುತ್ತೇವೆ ಎಂದರೆ ಒಪ್ಪಬೇಡಿ. ಕೋಣಾರ್ಕ ಇರುವುದು ಪುರಿಯಿಂದ 35 ಕಿ.ಮೀ. ದೂರ, ಸಮುದ್ರ ದಂಡೆಯ ರಸ್ತೆಯಲ್ಲಿ. ರಘುರಾಜಪುರ ಇರುವುದು ಭುವನೇಶ್ವರದ ಹೆದ್ದಾರಿಯ ಕಡೆ. ಎರಡಕ್ಕೂ ಬೇರೆ ಬೇರೆ ದಿಕ್ಕು.

ದಾರಿ ಸುಲಭ. ಪುರಿಯಿಂದ ಭುವನೇಶ್ವರದ ಕಡೆ ಸುಮಾರು ಹತ್ತು ಕಿ.ಮೀ. ಹೋದರೆ ಚಂದನಪುರ ಎಂಬ ಪೇಟೆ. ಅಲ್ಲಿಂದ ಒಳಕ್ಕೆ ತಿರುಗಿ ಒಂದೂವರೆ ಕಿ.ಮೀ. ಆಟೋದಲ್ಲಿ ಅರ್ಧ ಗಂಟೆಯ ಹಾದಿ. ಕಾರಾದರೆ ಇನ್ನೂ ಬೇಗ. ಬಸ್ಸಿನಲ್ಲಿ ಬರುವವರು ಚಂದನಪುರದಲ್ಲಿ ಇಳಿದು ಅಲ್ಲಿಂದ ಆಟೋ ಹಿಡಿಯುತ್ತಾರೆ, ಅಮ್ಮ ಜೊತೆಗಿರುವುದರಿಂದ ನಿಮಗೆ ಅದು ಬೇಡ. ಹೋಗಿಬರುವುದಕ್ಕೆ, ಕಾಯುವುದಕ್ಕೆ ಸೇರಿಸಿ ಒಂದೇ ಮಾತು ಮಾಡಿಕೊಳ್ಳಿ. ಕಾಯುವ ಗಂಟೆಗಳನ್ನು ಮೊದಲೇ ಹೇಳದಿದ್ದರೆ ಡ್ರೈವರ್ ಒಂದು ಗಂಟೆಗೆಲ್ಲ ಹಾರ್ನ್ ಹೊಡೆಯುತ್ತಾನೆ. "ಯಾವ ಮನೆಗೆ ಹೋಗಬೇಕೆಂದು ನಾವೇ ನೋಡಿಕೊಳ್ಳುತ್ತೇವೆ" ಎಂದು ಆಗಲೇ ಹೇಳಿಬಿಡಿ. ಡ್ರೈವರ್ ಆಗಲಿ ಗೈಡ್ ಆಗಲಿ ಒಂದು ಮನೆಯ ಬಾಗಿಲಲ್ಲೇ ನಿಮ್ಮನ್ನು ಇಳಿಸಿದರೆ, ಅಲ್ಲಿ ನೀವು ಕೊಡುವ ಬೆಲೆಯಲ್ಲಿ ಅವನ ಪಾಲೂ ಸೇರಿರುವ ಸಂಭವ ಹೆಚ್ಚು.

ಎಷ್ಟು ಹೊತ್ತಿಗೆ ಹೊರಡಬೇಕು? ಬೆಳಿಗ್ಗೆ ಎಂಟಕ್ಕೆ. ಇಲ್ಲಿನ ಕೆಲಸವೆಲ್ಲ ಜಗಲಿಯ ಮೇಲೆ, ಹಗಲು ಬೆಳಕಿನಲ್ಲಿ ನಡೆಯುವಂಥದ್ದು. ಸಣ್ಣ ಗೆರೆ ಎಳೆಯುವವರು ಬೆಳಗಿನ ಬೆಳಕಿಗೇ ಕೂರುತ್ತಾರೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಊಟ, ನಿದ್ದೆ, ಊರು ಮಲಗಿರುತ್ತದೆ. ಎಂಟೂವರೆಗೆ ಅಲ್ಲಿದ್ದರೆ ಹನ್ನೊಂದೂವರೆಗೆ ಹೊರಟು, ಹನ್ನೆರಡಕ್ಕೆ ಪುರಿ ಸೇರಿ, ಮಹಾಪ್ರಸಾದದ ಊಟಕ್ಕೆ ಸಮಯ ಸಿಗುತ್ತದೆ. ನವೆಂಬರು ಒಳ್ಳೆಯ ಕಾಲವೇ. ಒಂದು ವಿಷಯ ಮಾತ್ರ ಪಂಚಾಂಗ ತೆಗೆದು ನೋಡಿಕೊಳ್ಳಿ: ಕಾರ್ತಿಕ ಮಾಸದ ಕೊನೆಯ ಐದು ದಿನ ಒಡಿಶಾದಲ್ಲಿ 'ಪಂಚುಕ'. ಆಗ ಕೊಕ್ಕರೆಯೂ ಮೀನು ಮುಟ್ಟುವುದಿಲ್ಲ ಎಂಬ ಮಾತಿದೆ. ಆ ಐದು ದಿನ ಪುರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರಸ್ತೆಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಇನ್ನೊಂದು ದಾರಿಯೂ ಇದೆ, ಬಹುಶಃ ಅದೇ ಉತ್ತಮ. ವಾಪಸು ಭುವನೇಶ್ವರಕ್ಕೆ ಹೋಗುವ ದಿನವೇ ರಘುರಾಜಪುರಕ್ಕೆ ಹೋಗಿಬಿಡಿ. ಅದೇ ಹೆದ್ದಾರಿಯಲ್ಲಿ ಮುಂದೆ ಕೃಷ್ಣನ ದೇವಸ್ಥಾನವಿರುವ ಸಾಕ್ಷಿಗೋಪಾಲ, ಆಮೇಲೆ ಬಣ್ಣದ ಬಟ್ಟೆ ತುಂಡು ಜೋಡಿಸಿ ಛತ್ರಿ, ತೋರಣ ಹೊಲಿಯುವ ಪಿಪಿಲಿ ಸಿಗುತ್ತವೆ. ಲಗೇಜು ಕಾರಿನಲ್ಲೇ ಇರುತ್ತದೆ, ಹೋದ ದಾರಿಯಲ್ಲೇ ಮರಳುವ ಕೆಲಸವಿಲ್ಲ.

ಈಗ ಊರು. ಮಹಾನದಿಯ ಕವಲುಗಳಲ್ಲಿ ಒಂದಾಗಿ ಚಿಲಿಕಾ ಸರೋವರಕ್ಕೆ ಹರಿಯುವ ಭಾರ್ಗವಿ ನದಿಯ ದಕ್ಷಿಣ ದಂಡೆಯಲ್ಲಿ, ತೆಂಗು, ತಾಳೆ, ಮಾವಿನ ತೋಪುಗಳ ನಡುವೆ ಎದುರುಬದುರು ಎರಡು ಸಾಲು ಮನೆ. ನೂರು ಚಿಲ್ಲರೆ ಕುಟುಂಬಗಳು. ನಡುವಿನ ಅಂಗಳದುದ್ದಕ್ಕೂ ಪುಟ್ಟ ಪುಟ್ಟ ಗುಡಿಗಳು. ಊರಿನವರು ಸಂಜೆ ಕೂತು ಭಾಗವತ ಓದಿಸಿ ಕೇಳುವ 'ಭಾಗವತ ತುಂಗಿ' ಎಂಬ ಮಂಟಪವೂ ಇದೆ. ಗೋಡೆಗಳ ಮೇಲೆಲ್ಲ ಚಿತ್ರ. ಭಾರತೀಯ ಪಾರಂಪರಿಕ ಸಂಸ್ಥೆ ಇಂಟ್ಯಾಕ್ 2000ದ ಹೊತ್ತಿಗೆ ಇದನ್ನು ಪಾರಂಪರಿಕ ಗ್ರಾಮವಾಗಿ ರೂಪಿಸಿತು. 2019ರ ಮೇ 3ರಂದು ಫೊನಿ ಚಂಡಮಾರುತ ಪುರಿಯ ಬಳಿ ನೆಲಕ್ಕೆ ಅಪ್ಪಳಿಸಿದಾಗ ಈ ಊರಿನ ಮನೆ, ಮರ, ಕೂಡಿಟ್ಟ ಚಿತ್ರಗಳಿಗೆಲ್ಲ ಪೆಟ್ಟು ಬಿತ್ತು. ತೋಪಿನಲ್ಲಿ ಎಳೆಯ ಗಿಡಗಳು ಹೆಚ್ಚಾಗಿ ಕಂಡರೆ ಕಾರಣ ಅದು. ಅಮ್ಮನಿಗೆ ತೊಂದರೆಯಿಲ್ಲ: ನೆಲ ಸಮತಟ್ಟು, ಊರಿನ ಉದ್ದ ಕೆಲವು ನೂರು ಮೀಟರ್, ಪ್ರತಿ ಮನೆಗೂ ಕೂರಲು ಜಗಲಿ. ಮಂಡಿ ಮಡಚಿ ನೆಲದ ಮೇಲೆ ಕೂರುವುದು ಕಷ್ಟವಾದರೆ ಹಿಂಜರಿಯದೆ ಒಂದು ಸ್ಟೂಲ್ ಕೇಳಿ, ಕೊಡುತ್ತಾರೆ. ಶೌಚಕ್ಕೆ ಹೋಟೆಲಿನಲ್ಲೇ ಹೋಗಿ ಬನ್ನಿ.

ಎಲ್ಲ ಜಗಲಿಯಿಂದಲೂ ಕರೆಯುತ್ತಾರೆ. ಇದು ಎಲ್ಲರನ್ನೂ ಗಲಿಬಿಲಿಗೊಳಿಸುವ ಸಂಗತಿ. ಹನ್ನೆರಡು ಮನೆ ಹತ್ತಿದರೆ ಹನ್ನೆರಡು ಸಲ ಅದೇ ಮಾತು ಕೇಳುತ್ತೀರಿ, ತಲೆಯಲ್ಲಿ ಒಂದೂ ನಿಲ್ಲುವುದಿಲ್ಲ. ಮೊದಲ ಇಪ್ಪತ್ತು ನಿಮಿಷ ಎಲ್ಲೂ ಹತ್ತದೆ, ಒಂದು ಸಾಲಿನಲ್ಲಿ ಹೋಗಿ ಇನ್ನೊಂದರಲ್ಲಿ ಬನ್ನಿ. ಎಲ್ಲಿ ಮಾರಾಟ ನಡೆದಿದೆ, ಎಲ್ಲಿ ಕೆಲಸ ನಡೆದಿದೆ ಎಂಬುದು ಹೊರಗಿನಿಂದಲೇ ತಿಳಿಯುತ್ತದೆ. ಅರ್ಧ ಆದ ಚಿತ್ರ, ತೆಂಗಿನ ಚಿಪ್ಪಿನಲ್ಲಿ ಕಲಸಿದ ಬಣ್ಣ, ಕುಂಚ ಒರೆಸಿದ ಬಟ್ಟೆ ಇರುವ ಜಗಲಿಗಳಲ್ಲಿ ಎರಡನ್ನು ಆರಿಸಿಕೊಳ್ಳಿ, ಒಂದು ಪಟ್ಟಚಿತ್ರದ್ದು, ಒಂದು ತಾಳೆಗರಿಯ ಮೇಲೆ ಚಿತ್ರ ಕೊರೆಯುವವರದ್ದು. ತಲಾ ಒಂದು ಗಂಟೆ ಕೂತುಬಿಡಿ.

ಗೈಡ್ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ದಾರಿ ತೋರಿಸಲು ಗೈಡ್ ಬೇಕಿಲ್ಲ. ಹಿಂದಿ ಬಂದರೆ ಮಾತಿಗೂ ಬೇಕಿಲ್ಲ, ಮನೆಮನೆಯಲ್ಲೂ ಹಿಂದಿ ನಡೆಯುತ್ತದೆ, ಹರಕು ಮುರುಕು ಇಂಗ್ಲಿಷೂ ಉಂಟು. ಗೈಡ್ ಬೇಕಾಗುವುದು ಚಿತ್ರದ ಕಥೆ ಬಿಡಿಸಿ ಹೇಳುವುದಕ್ಕೆ. ಅದನ್ನು ಪರೀಕ್ಷಿಸಲು ಒಂದು ಉಪಾಯ: ಬುಕ್ ಮಾಡುವಾಗ "ನವಗುಂಜರ ಅಂದರೇನು?" ಎಂದು ಕೇಳಿ. ತಡವರಿಸಿದರೆ ಆ ಗೈಡಿಗೆ ಕೊಡುವ ಹಣವನ್ನು ಚಿತ್ರಕ್ಕೆ ಹಾಕಿ.

ನವಗುಂಜರವನ್ನು ಹತ್ತಿರದಿಂದ ನೋಡಬೇಕು, ಈ ಊರಿನ ಪ್ರತಿ ಮನೆಯಲ್ಲೂ ಒಂದು ಸಿಗುತ್ತದೆ. ಹುಂಜದ ತಲೆ, ನವಿಲಿನ ಕೊರಳು, ಎತ್ತಿನ ಇಣಿ, ಸಿಂಹದ ನಡು, ಬಾಲದ ಜಾಗದಲ್ಲಿ ಹಾವು. ಕಾಲುಗಳಲ್ಲಿ ಒಂದು ಆನೆಯದು, ಒಂದು ಹುಲಿಯದು, ಒಂದು ಜಿಂಕೆಯದೋ ಕುದುರೆಯದೋ. ನಾಲ್ಕನೆಯದು ಕಾಲಲ್ಲ, ಮನುಷ್ಯನ ಕೈ, ಅದರಲ್ಲಿ ಒಂದು ಕಮಲ. 15ನೇ ಶತಮಾನದ ಒಡಿಯಾ ಕವಿ ಸಾರಳಾ ದಾಸನ ಮಹಾಭಾರತದಲ್ಲಿ ಬರುವ ಪ್ರಸಂಗವಿದು. ಕಾಡಿನಲ್ಲಿ ಈ ವಿಚಿತ್ರ ಮೃಗ ಎದುರಾದಾಗ ಅರ್ಜುನ ಬಿಲ್ಲೆತ್ತುತ್ತಾನೆ, ಆ ಕೈಯಲ್ಲಿನ ಕಮಲ ಕಂಡು ಇದು ಕೃಷ್ಣನೇ ಎಂದು ತಿಳಿದು ಬಿಲ್ಲು ಕೆಳಗಿಡುತ್ತಾನೆ. ವ್ಯಾಸಭಾರತದಲ್ಲಿ ಇದು ಇಲ್ಲ. ಚಿತ್ರ ನೋಡುವಾಗ ಗಮನಿಸಬೇಕಾದ್ದು ಜೋಡಣೆಗಳನ್ನು: ನವಿಲಿನ ಕೊರಳು ಎತ್ತಿನ ಇಣಿಯಾಗುವ ಕಡೆ, ಸಿಂಹದ ನಡು ಹಾವಾಗುವ ಕಡೆ ಗೆರೆ ತುಂಡಾಗದೆ ಹರಿದಿದ್ದರೆ ಕೈ ಪಳಗಿದೆ ಎಂದರ್ಥ. ಕಲಿಯುವವರ ಚಿತ್ರದಲ್ಲಿ ಒಂಬತ್ತು ಪ್ರಾಣಿ ಅಂಟಿಸಿದ ಹಾಗೆ ಕಾಣುತ್ತದೆ.

ನಮ್ಮವರು ಕೇಳಿ ನೋಡಬೇಕಾದ ಇನ್ನೊಂದು ಚಿತ್ರ ಕಾಂಚಿ–ಕಾವೇರಿ. ಒಂದು ಬಿಳಿ ಕುದುರೆ, ಒಂದು ಕಪ್ಪು ಕುದುರೆ, ಮೇಲೆ ಬಲಭದ್ರ–ಜಗನ್ನಾಥರು, ಎದುರಿಗೆ ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತ ಮಾಣಿಕ ಎಂಬ ಗೊಲ್ಲತಿ. ಒಡಿಶಾದ ಗಜಪತಿ ವಂಶದ ದೊರೆ ಪುರುಷೋತ್ತಮ ದೇವ ದಕ್ಷಿಣಕ್ಕೆ ದಂಡೆತ್ತಿ ಹೋದಾಗ ದೇವರೇ ಸಿಪಾಯಿಗಳಾಗಿ ಮುಂದೆ ನಡೆದರು, ದಾರಿಯಲ್ಲಿ ಬಾಯಾರಿ ಮೊಸರು ಕುಡಿದು, ದುಡ್ಡಿನ ಬದಲು ಉಂಗುರ ಕೊಟ್ಟು, "ಹಿಂದೆ ಬರುವ ರಾಜ ಬಿಡಿಸಿಕೊಳ್ಳುತ್ತಾನೆ" ಎಂದರು ಎಂಬ ಐತಿಹ್ಯ. ಆ ದಂಡಯಾತ್ರೆಯಲ್ಲಿ ತಂದದ್ದೇ ಸಾಕ್ಷಿಗೋಪಾಲನ ಮೂರ್ತಿ ಎಂದು ಒಡಿಶಾದವರು ಹೇಳುತ್ತಾರೆ. ಮುಂದಿನ ತಲೆಮಾರಿನಲ್ಲಿ ಲೆಕ್ಕ ತಿರುಗಿತು. ಕೃಷ್ಣದೇವರಾಯ ಗಜಪತಿಗಳಿಂದ ಉದಯಗಿರಿ ಗೆದ್ದು ಅಲ್ಲಿನ ಬಾಲಕೃಷ್ಣನನ್ನು ಹಂಪಿಗೆ ಒಯ್ದ, ಹಂಪಿಯ ಕೃಷ್ಣ ದೇವಾಲಯ ಕಟ್ಟಿದ್ದೇ ಅದಕ್ಕಾಗಿ. ನಮ್ಮ ಕಡೆಯವರು ಸೋಲುವ ಚಿತ್ರ ಎಂದು ಬೇಸರ ಬೇಡ, ಆ ಕಪ್ಪು–ಬಿಳಿ ಕುದುರೆಗಳ ಸೊಗಸೇ ಬೇರೆ.

ಪಟ್ಟಚಿತ್ರದ ಮೂಲ ಕೆಲಸ ಪುರಿಯ ದೇವಸ್ಥಾನದ್ದು. ಜ್ಯೇಷ್ಠ ಹುಣ್ಣಿಮೆಯಂದು ದೇವರಿಗೆ 108 ಕೊಡ ನೀರಿನ ಸ್ನಾನ, ಅದರಿಂದ ಜ್ವರ, ಆಮೇಲೆ ಹದಿನೈದು ದಿನ ದರ್ಶನವಿಲ್ಲ. ಈ 'ಅಣಸರ'ದ ದಿನಗಳಲ್ಲಿ ಮೂರ್ತಿಗಳ ಬದಲು ಪೂಜೆಗೊಳ್ಳುವುದು ಬಟ್ಟೆಯ ಮೇಲೆ ಬರೆದ ಮೂರು ಚಿತ್ರಪಟಗಳು. ಸೇವೆಯ ಹಕ್ಕುಳ್ಳ ಚಿತ್ರಕಾರ ಮನೆತನಗಳು ಅವನ್ನು ಬರೆಯುತ್ತವೆ. ಬಲಭದ್ರನಿಗೆ ಬಿಳಿ, ಸುಭದ್ರೆಗೆ ಹಳದಿ, ಜಗನ್ನಾಥನಿಗೆ ಕಪ್ಪು ಎಂಬುದು ಇಂದಿಗೂ ಬದಲಾಗದ ನಿಯಮ.

ತಯಾರಿ ನೋಡುವುದಕ್ಕೆ ಕೂತಾಗ ಬಣ್ಣಕ್ಕಿಂತ ಮೊದಲು ಬಟ್ಟೆಯ ಬಗ್ಗೆ ಕೇಳಿ. ಹುಣಿಸೆ ಬೀಜವನ್ನು ಎರಡು–ಮೂರು ದಿನ ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಕಾಯಿಸಿದರೆ ಅಂಟು ಬರುತ್ತದೆ. ಆ ಅಂಟಿನಿಂದ ಹಳೆಯ ಹತ್ತಿ ಬಟ್ಟೆಯ ಎರಡು ಪದರ ಅಂಟಿಸಿ ಬಿಸಿಲಿಗೆ ಹಾಕುತ್ತಾರೆ. ಒಣಗಿದ ಮೇಲೆ ಬಳಪದಂಥ ಮೆತ್ತನೆಯ ಬಿಳಿ ಕಲ್ಲಿನ ಪುಡಿಯನ್ನು ಅದೇ ಅಂಟಿನಲ್ಲಿ ಕಲಸಿ ಎರಡು–ಮೂರು ಸಲ ಬಳಿದು, ಪ್ರತಿ ಸಲವೂ ಒಣಗಿಸುತ್ತಾರೆ. ಆಮೇಲೆ ಮೊದಲು ಒರಟು ಕಲ್ಲು, ನಂತರ ನುಣ್ಣನೆಯ ಕಲ್ಲಿನಿಂದ ಉಜ್ಜುತ್ತಾರೆ. ಮುಗಿದಾಗ ಬಟ್ಟೆ ತೊಗಲಿನ ಹಾಗೆ ಬಿಗಿಯಾಗಿ, ಕೈ ಜಾರುವಷ್ಟು ನುಣುಪಾಗಿರುತ್ತದೆ. ಚಿತ್ರದ ಆಯುಸ್ಸು ನಿರ್ಧಾರವಾಗುವುದು ಇಲ್ಲಿಯೇ. ಅಂಟು ಹೆಚ್ಚಾದರೆ ಪದರ ಗಡುಸಾಗಿ, ಸುರುಳಿ ಸುತ್ತಿದಾಗ ಬಿರುಕು ಬಿಡುತ್ತದೆ. ಕಡಿಮೆಯಾದರೆ ಬಿಳಿ ಪುಡಿ ಉದುರುತ್ತದೆ. ಮಳೆಗಾಲದಲ್ಲಿ ಅರೆಬರೆ ಒಣಗಿಸಿದ್ದರೆ ಒಳಪದರದಲ್ಲಿ ಬೂಷ್ಟು ಹಿಡಿದು, ಆರು ತಿಂಗಳಾದ ಮೇಲೆ ಕಂದು ಚುಕ್ಕೆ ಮೇಲೆ ಬರುತ್ತದೆ. ಕೊಳ್ಳುವಾಗ ಮೂಸಿ ನೋಡಿ. ಹುಣಿಸೆ ಬೀಜದ ಮಂದ ವಾಸನೆ ಸರಿ, ಮುಗ್ಗಲು ವಾಸನೆ ಬಂದರೆ ಬೇಡ.

ಮೈಸೂರಿನವರಿಗೆ ಇಲ್ಲೊಂದು ಮೋಜಿನ ಹೋಲಿಕೆ. ಮೈಸೂರು ಶೈಲಿಯ ಹಳೆಯ ಕಲಾವಿದರು ಹುಣಿಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ರೇಖೆ ಹಾಕುತ್ತಿದ್ದರು, ಪುರಿಯವರು ಹುಣಿಸೆ ಬೀಜದ ಅಂಟಿನಲ್ಲಿ ಬಟ್ಟೆ ಕಟ್ಟುತ್ತಾರೆ. ಅಲ್ಲಿಗೆ ಸಾಮ್ಯ ಮುಗಿಯಿತು. ಮೈಸೂರು ಚಿತ್ರದಲ್ಲಿರುವ ಮಕ್ಕು ಎಂಬ ಲೇಪದ ಉಬ್ಬು, ಚಿನ್ನದ ರೇಕು ಪಟ್ಟಚಿತ್ರದಲ್ಲಿ ಇಲ್ಲ. ದೂರ–ಹತ್ತಿರದ ಲೆಕ್ಕವಿಲ್ಲ, ಹಿನ್ನೆಲೆಯಲ್ಲಿ ಬೆಟ್ಟ ಗುಡ್ಡವಿಲ್ಲ. ಹೆಚ್ಚಾಗಿ ಕೆಂಪು ನೆಲ, ಪಕ್ಕಕ್ಕೆ ತಿರುಗಿದ ಮುಖ, ಕಿವಿಯ ತನಕ ಎಳೆದ ಕಣ್ಣು, ಚೂಪು ಮೂಗು. ಬರೆಯುವ ಕ್ರಮವೂ ಕಟ್ಟುನಿಟ್ಟು: ಮೊದಲು ಅಂಚು, ಆಮೇಲೆ ಆಕೃತಿಯ ಹೊರರೇಖೆ, ಮೈಬಣ್ಣ, ಬಟ್ಟೆ, ಒಡವೆ, ಕೊನೆಗೆ ಕಪ್ಪು ಗೆರೆ. ಎಲ್ಲಕ್ಕಿಂತ ಕಷ್ಟದ್ದು ಈ ಕೊನೆಯ ಗೆರೆ. ಮನೆಯಲ್ಲಿ ಹೆಂಗಸರು, ಮಕ್ಕಳು ಬಣ್ಣ ತುಂಬುತ್ತಾರೆ, ಗೆರೆ ಎಳೆಯುವುದು ಪಳಗಿದ ಕೈ. ಆ ಗೆರೆ ಎಳೆಯುತ್ತಿರುವವರ ಪಕ್ಕ ಕೂರುವುದು ಸಿಕ್ಕಿದರೆ ಬೇರೆ ಮನೆಗೆ ಏಳಲೇಬೇಡಿ. ಉಸಿರು ಹಿಡಿದು ಎಳೆದು, ಗೆರೆ ಮುಗಿದ ಮೇಲೆ ಬಿಡುವುದು ಕಾಣುತ್ತದೆ. ಆ ಹೊತ್ತಿನಲ್ಲಿ ಪ್ರಶ್ನೆ ಕೇಳಬೇಡಿ.

ಬಣ್ಣಗಳಲ್ಲಿ ಬಿಳಿ ಬರುವುದು ಶಂಖ ಅರೆದ ಪುಡಿಯಿಂದ. ಕಪ್ಪು, ದೀಪದ ಕಾಡಿಗೆಯಿಂದ. ಕೆಂಪಿಗೆ ಹಿಂಗುಲ, ಹಳದಿಗೆ ಹರಿತಾಳ. ಎಲ್ಲಕ್ಕೂ ಅಂಟು ಬೇಲದ ಮರದ ಗೋಂದು. ರಾಮನವಮಿಯ ಪಾನಕಕ್ಕೆ ನಾವು ಕಿವುಚುವ ಅದೇ ಬೇಲದ ಹಣ್ಣಿನ ಮರ, ಒಡಿಯಾದಲ್ಲಿ 'ಕೈಥ'. ಮಗಳಿಗೆ ಒಂದು ಎಚ್ಚರಿಕೆ ಕೊಟ್ಟಿರಿ: ಹಿಂಗುಲ ಎಂದರೆ ಪಾದರಸದ ಸಂಯುಕ್ತ, ಹರಿತಾಳ ಎಂದರೆ ಆರ್ಸೆನಿಕ್‌ನದು. ನೋಡಿದರೆ, ಗೋಡೆಗೆ ಹಾಕಿದರೆ ಏನೂ ಆಗುವುದಿಲ್ಲ. ಅರೆಯುವಾಗ ಬರುವ ಧೂಳು, ಕುಂಚದ ತುದಿ ಚೂಪು ಮಾಡಲು ಬಾಯಿಗಿಡುವ ಅಭ್ಯಾಸ ಅಪಾಯ. "ನೈಸರ್ಗಿಕ ಬಣ್ಣ" ಎಂದರೆ ನಿರಪಾಯ ಎಂದಲ್ಲ. ಕುಂಚದ ವಿಷಯದಲ್ಲೂ ಒಂದು ಮಾತು. ದಪ್ಪ ಕುಂಚಕ್ಕೆ ಕೇದಗೆಯ ಬೇರು ಜಜ್ಜಿ ಮಾಡುತ್ತಾರೆ, ಸಣ್ಣದಕ್ಕೆ ಪ್ರಾಣಿಗಳ ಕೂದಲು. ಮುಂಗುಸಿ ಕೂದಲಿನ ಕುಂಚ ಯಾರು ತೋರಿಸಿದರೂ ಕೊಳ್ಳಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ವ್ಯಾಪಾರ ಅಪರಾಧ.

ಅಸಲಿ–ನಕಲಿ ಗುರುತಿಸುವ ವಿಚಾರ. ಮೊದಲು ಮಾಡಬಾರದ್ದು ಹೇಳಿಬಿಡುತ್ತೇವೆ: ಬೆರಳು ಒದ್ದೆ ಮಾಡಿ ಉಜ್ಜಿ ನೋಡಬೇಡಿ. ಗೋಂದಿನ ಬಣ್ಣ ನೀರಿಗೆ ಬಿಡುವುದು ಸಹಜ, ಅಸಲಿ ಚಿತ್ರವೇ ಕೆಡುತ್ತದೆ, ಪ್ಲಾಸ್ಟಿಕ್ ಬಣ್ಣದ್ದು ಹಾಗೇ ಉಳಿಯುತ್ತದೆ. ಪರೀಕ್ಷೆಯ ಫಲ ಪೂರ್ತಿ ಉಲ್ಟಾ. ಬದಲಿಗೆ ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ಝೂಮ್ ಮಾಡಿ. ಮುದ್ರಿತವಾದರೆ ಬಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ಕೈಯಲ್ಲಿ ಬರೆದದ್ದರಲ್ಲಿ ಕಪ್ಪು ಗೆರೆ ಶುರುವಾಗುವಲ್ಲಿ ತೆಳು, ನಡುವೆ ದಪ್ಪ, ಕೊನೆಗೆ ಮತ್ತೆ ತೆಳು, ಓರೆ ಬೆಳಕಿನಲ್ಲಿ ಬಣ್ಣ ಕೂದಲೆಳೆಯಷ್ಟು ಎತ್ತರದಲ್ಲಿ ನಿಂತಿರುವುದೂ ಕಾಣುತ್ತದೆ. ಅಂಚನ್ನು ನೋಡಿ, ಎರಡು ಪದರ ಬಟ್ಟೆ, ಬಿಳಿ ಲೇಪ ಕಾಣಬೇಕು. ಮೋಸದ ಹೊಸ ಬಗೆಯೆಂದರೆ ಹೊರರೇಖೆಯನ್ನು ಮುದ್ರಿಸಿ ಕೈಯಲ್ಲಿ ಬಣ್ಣ ತುಂಬುವುದು. ಇದರಲ್ಲಿ ಬಣ್ಣದ ಉಬ್ಬು ಇರುತ್ತದೆ, ಗೆರೆಯ ದಪ್ಪ ಮಾತ್ರ ಎಲ್ಲೆಡೆ ಒಂದೇ. ಅದೇ ಮನೆಯಲ್ಲಿ ಅದೇ ವಿಷಯದ ಎರಡು ಚಿತ್ರ ಪಕ್ಕಪಕ್ಕ ಇಡಿಸಿ, ಕಣ್ಣು ಬೆರಳುಗಳನ್ನು ಹೋಲಿಸಿ. ಕೈಯದು ಎರಡು ಸಲ ಒಂದೇ ತೆರನಾಗಿ ಬರುವುದಿಲ್ಲ.

ಪೋಸ್ಟರ್ ಬಣ್ಣ, ಅಕ್ರಿಲಿಕ್ ಬಳಸುವವರು ಊರಿನಲ್ಲಿ ಬೇಕಾದಷ್ಟು ಜನ. ಅದು ಮೋಸವಲ್ಲ, ಹೇಳಿ ಮಾರಿದರೆ ಸರಿ. ಕಲ್ಲಿನ ಬಣ್ಣಕ್ಕೆ ಹೊಳಪು ಕಡಿಮೆ, ಆಳ ಜಾಸ್ತಿ. ಮಿರಿಮಿರಿ ಮಿಂಚುವ ನೀಲಿ, ಗಿಳಿಹಸಿರು, ಗುಲಾಬಿ ಕಂಡರೆ ಅದು ಡಬ್ಬಿಯದ್ದು. ಟಸರ್ ರೇಷ್ಮೆಯ ಮೇಲೆ ಬರೆದದ್ದಕ್ಕೆ ಹುಣಿಸೆ ಅಂಟಿನ ತಳಹದಿಯೇ ಇರುವುದಿಲ್ಲ. ನೋಡಲು ಚೆಂದ, ಆದರೆ ಅದನ್ನು ಪಟ್ಟಚಿತ್ರದ ಬೆಲೆಗೆ ಕೊಳ್ಳಬೇಡಿ.

ಬೆಲೆ ಕೆಲವು ನೂರು ರೂಪಾಯಿಯಿಂದ ಲಕ್ಷದ ತನಕ ಇರುತ್ತದೆ. "ಎಷ್ಟು ಕಡಿಮೆ ಮಾಡ್ತೀರಿ" ಅನ್ನುವುದಕ್ಕೆ ಮೊದಲು "ಕೆತೆ ದಿನೊ ಲಾಗಿಲಾ?" ಅನ್ನಿ, ಎಷ್ಟು ದಿನ ಹಿಡಿಯಿತು ಎಂದರ್ಥ. ಹದಿನೈದು ದಿನದ ಚಿತ್ರಕ್ಕೆ 9,000 ಹೇಳಿದರೆ, ಸಾಮಾನಿನ ಖರ್ಚೂ ಸೇರಿ ದಿನಕ್ಕೆ 600 ಆಯಿತು. ಅದನ್ನು ಅರ್ಧಕ್ಕೆ ಇಳಿಸಿದ್ದೀರಿ ಎಂದರೆ, ಒಂದೋ ಹದಿನೈದು ದಿನ ಎಂಬುದು ಸುಳ್ಳು, ಇಲ್ಲವೇ ಮೈಸೂರಿನ ಗಾರೆ ಕೆಲಸದವರಿಗೆ ಹೇಳಲಾಗದ ಕೂಲಿಯನ್ನು ನೀವು ಹೇಳಿದ್ದೀರಿ. ದಿನಗಳು ನಿಜವೋ ಎಂದು ತಿಳಿಯಲು ಅಂಚು ನೋಡಿ. ಒಂದು ಅಂಚೋ ಮೂರೋ, ಬಳ್ಳಿ ಎಷ್ಟು ದಟ್ಟ, ಒಡವೆಯ ಒಳಗೆ ಇನ್ನೊಂದು ವಿನ್ಯಾಸ ಇದೆಯೋ ಇಲ್ಲವೋ. ದೊಡ್ಡ ಬಟ್ಟೆಯಲ್ಲಿ ಅವಸರದ ಕೆಲಸಕ್ಕಿಂತ ಅಂಗೈಯಗಲದ ದಟ್ಟ ಕೆಲಸ ಮೇಲು. ಯುಪಿಐ ಹೆಚ್ಚಿನ ಮನೆಗಳಲ್ಲಿ ನಡೆಯುತ್ತದೆ, ಚಿಲ್ಲರೆ ನೋಟೂ ಇಟ್ಟುಕೊಳ್ಳಿ. ಏನೂ ಕೊಳ್ಳದಿದ್ದರೂ ಒಂದು ಗಂಟೆ ಹೇಳಿಸಿಕೊಂಡದ್ದಕ್ಕೆ ತಾಳೆಗರಿಯ ಪುಟದ ಗುರುತನ್ನಾದರೂ ಕೊಳ್ಳುವುದು ಸಭ್ಯತೆ. ಅರ್ಧ ಬರೆದ ಚಿತ್ರದ ಫೋಟೊ ತೆಗೆಯುವ ಮೊದಲು ಕೇಳಿ, ತಮ್ಮ ಹೊಸ ವಿನ್ಯಾಸ ಪಕ್ಕದ ಜಗಲಿಗೆ ಹೋಗುವುದು ಅವರಿಗೆ ಇಷ್ಟವಿರುವುದಿಲ್ಲ.

ಇದೇ ಊರಿನಲ್ಲಿ ಹುಟ್ಟಿದವರು ಒಡಿಸ್ಸಿ ನೃತ್ಯದ ಗುರು ಕೇಳುಚರಣ ಮಹಾಪಾತ್ರ, 1926ರಲ್ಲಿ. ಬೆಂಗಳೂರಿನ ಹೆಸರಘಟ್ಟದಲ್ಲಿ 1990ರಲ್ಲಿ ನೃತ್ಯಗ್ರಾಮ ಕಟ್ಟಿದ ಪ್ರೊತಿಮಾ ಬೇಡಿ ಈ ಕೇಳುಚರಣರ ಶಿಷ್ಯೆ. ನಮ್ಮ ಕಡೆ ಒಡಿಸ್ಸಿ ಬೇರೂರಿದ್ದರಲ್ಲಿ ಈ ಪುಟ್ಟ ಊರಿನ ಪಾಲು ಅಷ್ಟಿದೆ. ಹುಡುಗರು ಹುಡುಗಿಯರ ವೇಷ ತೊಟ್ಟು ಕುಣಿಯುವ ಗೋಟಿಪುವ ಇಲ್ಲಿಯ ಹಳೆಯ ಕಲೆ. ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸುವ 'ಬಂಧ'ಗಳು ಅದರ ವಿಶೇಷ. ಮಕ್ಕಳು ಶಾಲೆಗೆ ಹೋಗುವವರಾದ್ದರಿಂದ ಅಭ್ಯಾಸ ನಸುಕಿನಲ್ಲಿ, ಸಂಜೆಯಲ್ಲಿ ನಡೆಯುತ್ತದೆ. ಹತ್ತು ಗಂಟೆಗೆ ಹೋಗಿ ನೃತ್ಯ ತೋರಿಸಿ ಎಂದರೆ ಆಗದು. ಪ್ರದರ್ಶನ ಬೇಕಾದರೆ ಗುರುಕುಲದವರ ಜೊತೆ ಮುಂಚಿತವಾಗಿ ಮಾತಾಡಿ, ಗುಂಪಿಗೆ ಇಷ್ಟು ಎಂದು ಹಣ ಕೊಡಬೇಕಾಗುತ್ತದೆ. ಮೂರೇ ಜನರಿಗೆ ಅದು ದುಬಾರಿ, ಬೇರೆ ಕುಟುಂಬ ಸಿಕ್ಕರೆ ಹಂಚಿಕೊಳ್ಳಿ.

ಮಗಳಿಗೆ ನಮ್ಮ ಸಲಹೆ ತಾಳೆಗರಿ. ಪಟ್ಟಚಿತ್ರದ ಬಣ್ಣ ಒಂದು ಗಂಟೆಯಲ್ಲಿ ಕೈಗೆ ಬರುವುದಿಲ್ಲ, ಗರಿಯ ಮೇಲೆ ಕೊರೆಯುವುದು ಬರುತ್ತದೆ. ಹದ ಮಾಡಿ ಒಣಗಿಸಿದ ಗರಿಯನ್ನು ಎಡಗೈಯಲ್ಲಿ ಹಿಡಿದು, ಕೊರೆಯುವ ಮೊನೆಯ ಕಬ್ಬಿಣದ ಕಡ್ಡಿ, ಅಂದರೆ ಕಂಟವನ್ನು, ಬಲಗೈಯಲ್ಲಿ ನೆಟ್ಟಗೆ ಹಿಡಿಯಬೇಕು. ಗುಟ್ಟಿರುವುದು ಎಡಗೈಯಲ್ಲಿ. ಕಂಟ ಹೆಚ್ಚು ಅಲುಗದೆ, ಎಡ ಹೆಬ್ಬೆರಳು ಅದಕ್ಕೆ ಒತ್ತಾಸೆಯಾಗಿ, ಗರಿಯೇ ಅದರ ಕೆಳಗೆ ತಿರುಗುತ್ತದೆ. ಪೆನ್ಸಿಲ್ಲಿನ ಅಭ್ಯಾಸದವರು ಕಂಟವನ್ನು ಓಡಿಸಲು ಹೋಗುತ್ತಾರೆ, ಆಗ ಗರಿಯ ನಾರಿನುದ್ದಕ್ಕೆ ಜಾರಿ ಸೀಳು ಬೀಳುತ್ತದೆ. ಅದಕ್ಕೇ ಗರಿಗೆ ಉದ್ದುದ್ದ ನೇರ ಗೆರೆ ಆಗಿಬರುವುದಿಲ್ಲ, ದುಂಡು ಗೆರೆ ಒಗ್ಗುತ್ತದೆ. ಒಡಿಯಾ ಲಿಪಿಯ ತಲೆ ಕೊಡೆಯ ಹಾಗೆ ಬಾಗಿರುವುದಕ್ಕೂ, ನಮ್ಮ ಅಕ್ಷರ ದುಂಡಗಿರುವುದಕ್ಕೂ ಇದೇ ಕಾರಣವೆಂದು ಹೇಳುವುದುಂಟು. ಕೊರೆಯುವಾಗ ಏನೂ ಕಾಣುವುದಿಲ್ಲ, ಬರಿ ಗೀರು. ಮುಗಿದ ಮೇಲೆ ಕಾಡಿಗೆಯನ್ನು ಎಣ್ಣೆಯಲ್ಲೋ ಸೊಪ್ಪಿನ ರಸದಲ್ಲೋ ಕಲಸಿ ಇಡೀ ಗರಿಗೆ ಬಳಿದು, ಬಟ್ಟೆಯಿಂದ ಒರೆಸಿದರೆ ಮೇಲಿನದೆಲ್ಲ ಹೋಗಿ ಗೀರಿನೊಳಗಿನ ಕಪ್ಪು ಉಳಿಯುತ್ತದೆ. ಆನೆಯೋ ಮೀನೋ ಒಮ್ಮೆಲೇ ಮೂಡುತ್ತದೆ. ತಪ್ಪಿದರೆ ಅಳಿಸುವ ಹಾಗಿಲ್ಲ, ಆದ್ದರಿಂದ ಎರಡು ಗರಿ ಕೇಳಿ, ಒಂದು ಕೆಡಿಸುವುದಕ್ಕೆ. ಹಣ ಎಷ್ಟೆಂದು ಕೂರುವ ಮೊದಲೇ ಗೊತ್ತು ಮಾಡಿಕೊಳ್ಳಿ. ಮೈಸೂರಿಗೆ ಮರಳಿದ ಮೇಲೆ, 1905ರಲ್ಲಿ ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿದ ಪ್ರಾಚ್ಯವಿದ್ಯಾ ಸಂಶೋಧನಾಲಯದ ಮುಂದೆ ಹಾದುಹೋಗುವಾಗ ಅವಳ ಕೈಗೆ ಆ ಗರಿಯ ಬಿಗುವು ನೆನಪಾಗುತ್ತದೆ.

ಸಮಯ ಉಳಿದರೆ 'ಗಂಜಪ' ಕೇಳಿ, ದುಂಡಗಿನ ಇಸ್ಪೀಟೆಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಆಟ ಕಟ್ಟಿಸಿದ ಮೈಸೂರು ಗಂಜೀಫಾದ ದಾಯಾದಿ ಇದು. ರಘುರಾಜಪುರದ ಎಲೆಗಳೂ ಹುಣಿಸೆ ಅಂಟಿನ ಬಟ್ಟೆಯವೇ. ನದಿ ದಂಡೆಗೆ ಊರಿನ ಹಿಂದಿನ ತೋಪು ದಾಟಿ ಹೋಗಬೇಕು. ಗೈಡುಗಳು ಕರೆದೊಯ್ಯುವುದು ಕಡಿಮೆ, ಅಲ್ಲಿ ಮಾರುವುದೇನೂ ಇಲ್ಲವಲ್ಲ. ನವೆಂಬರಿನಲ್ಲಿ ನೀರು ಇಳಿದಿರುತ್ತದೆ, ದಂಡೆ ಜಾರು, ಅಮ್ಮ ಜಗಲಿಯಲ್ಲೇ ಇರಲಿ.

ಇನ್ನು ಸಾಗಣೆ. ಚಿತ್ರವನ್ನು ಮಡಚಲೇಬಾರದು. ಸುರುಳಿ ಸುತ್ತುವಾಗ ಬಣ್ಣದ ಮೈ ಹೊರಕ್ಕಿರಲಿ. ಎಲ್ಲರೂ ಬಣ್ಣ ಕಾಪಾಡಲೆಂದು ಒಳಕ್ಕೆ ಸುತ್ತುತ್ತಾರೆ, ಆಗ ಸುಣ್ಣದಂಥ ಲೇಪ ಒತ್ತಿಕೊಂಡು ಸುಕ್ಕಾಗಿ, ಬಿಚ್ಚುವಾಗ ಪಕಳೆಯೇಳುತ್ತದೆ. ಕೊಳವೆ ನಾಲ್ಕು ಇಂಚಿಗಿಂತ ಸಣ್ಣದು ಬೇಡ, ಎಷ್ಟು ದಪ್ಪವೋ ಅಷ್ಟು ಒಳ್ಳೆಯದು. ಮನೆಯವರು ಕೊಡುವ ಸಣ್ಣ ಪ್ಲಾಸ್ಟಿಕ್ ಕೊಳವೆ ಒಂದು ದಿನದ ಪ್ರಯಾಣಕ್ಕೆ ನಡೆದೀತು, ತಿಂಗಳುಗಟ್ಟಲೆ ಅದರಲ್ಲೇ ಬಿಡಬೇಡಿ. ಮೇಲೆ ಬೆಣ್ಣೆ ಕಾಗದ ಸುತ್ತಿ, ವೃತ್ತಪತ್ರಿಕೆ ಬೇಡ, ಮಸಿ ಅಂಟುತ್ತದೆ. ಅಂಗೈಯಗಲದ ಚಿತ್ರವಾದರೆ ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ತರುವುದೇ ಸರಿ. ತಾಳೆಗರಿಯ ಪಟ್ಟಿಗಳನ್ನು ದಾರದಲ್ಲಿ ಜೋಡಿಸಿರುತ್ತಾರೆ, ಅದನ್ನು ಅದರ ಮಡಿಕೆಗಳಲ್ಲೇ ಮಡಚಿಡಿ, ಸುರುಳಿ ಸುತ್ತಬೇಡಿ.

ಫ್ರೇಮು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ (ರಟ್ಟಿನ ಚೌಕಟ್ಟು) ಕೊಡಿಸಿ. ತಾಗಿದರೆ ಮಳೆಗಾಲದಲ್ಲಿ ಗೋಂದಿನ ಬಣ್ಣ ಗಾಜಿಗೆ ಹಿಡಿದುಕೊಳ್ಳುತ್ತದೆ, ಆಮೇಲೆ ಬಿಡಿಸಿದರೆ ಮುಖವೇ ಎದ್ದು ಬರುತ್ತದೆ. ಹಿಂದೆ ಫೆವಿಕಾಲ್ ಹಚ್ಚಿ ಹಲಗೆಗೆ ಅಂಟಿಸಲು ಬಿಡಬೇಡಿ, ಮೇಲಂಚಿನಲ್ಲಿ ಎರಡು ಕಡೆ ಬಟ್ಟೆಪಟ್ಟಿಯಿಂದ ತೂಗಿಸಿದರೆ ಸಾಕು. ಹುಣಿಸೆ ಅಂಟು ಬೆಳ್ಳಿಮೀನು ಹುಳಕ್ಕೂ ಬೂಷ್ಟಿಗೂ ಒಳ್ಳೆಯ ಆಹಾರ, ಆದ್ದರಿಂದ ಬಚ್ಚಲಿನ ಒತ್ತುಗೋಡೆ, ಮಳೆ ಬಡಿಯುವ ಹೊರಗೋಡೆ ಎರಡನ್ನೂ ಬಿಟ್ಟು, ನೇರ ಬಿಸಿಲು ಬೀಳದ ಒಳಗೋಡೆಗೆ ಹಾಕಿ. ವರ್ಷಕ್ಕೊಮ್ಮೆ, ಮಳೆ ಕಳೆದ ಮೇಲೆ, ಕೆಳಗಿಳಿಸಿ ಹಿಂಬದಿ ನೋಡಿ. ಧೂಳಿದ್ದರೆ ಒಣ ಮೆತ್ತನೆಯ ಕುಂಚದಿಂದ ಕೊಡವಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ.